ಎರಡನೆಯ ನಾಯಿ

ನನ್ನ ಕಿವಿ ಎಷ್ಟು ಹಾಳಾಗಿದೆ ಎಂಬುದು ಮನಸ್ಸಿಗೆ ಹೊಕ್ಕಿದ್ದು ಕುತ್ತಿಗೆ ನೋವಿನಿಂದ. ಡಬ್ಲಿನ್ನಿನ ಲೆಪರ್ಡ್ಸ್‌ಟೌನ್ ಬಡಾವಣೆಯ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಎಲ್ಲರಿಗೂ ಬರುವ ನೋವು ನನಗೂ ಬಂದಿದೆ ಎಂದುಕೊಂಡು ಫಿಸಿಯೊ ಹತ್ತಿರ ಹೋದೆ. ಆಕೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಊಟ, ನಿದ್ದೆ, ನಡಿಗೆ ಎಂದು ಏನೇನೋ ವಿಚಾರಿಸಿದಳು. ಕೊನೆಗೆ, "ಬಂದಾಗಿನಿಂದ ಬಾಗಿಲ ಕಡೆಗೆ ತಿರುಗ್ತಾನೇ ಇದ್ದೀರಿ. ಹೊರಗೆ ಯಾರಾದರೂ ಕಾಯ್ತಾ ಇದ್ದಾರಾ?" ಎಂದು ಕೇಳಿದಳು.

ಹೊರಗೆ ಯಾರೂ ಇರಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಕೂತರೆ ಯಾರೋ ಬಂದು ನಿಂತಿದ್ದಾರೆ, ಏನೋ ಕೇಳುತ್ತಿದ್ದಾರೆ, ನಾನು ಉತ್ತರ ಕೊಡದೆ ಕೂತಿದ್ದೇನೆ ಎನ್ನಿಸುತ್ತದೆ. ಅದಕ್ಕೇ ತಿರುಗುತ್ತೇನೆ. ಮನೆಯಲ್ಲಿ ಪಾತ್ರೆ ತೊಳೆಯುವಾಗ, ಆಫೀಸಿನಲ್ಲಿ ಟೈಪ್ ಮಾಡುವಾಗ, ರಸ್ತೆಯಲ್ಲಿ ನಡೆಯುವಾಗ, ಎಷ್ಟು ಸಲ ತಿರುಗುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ.

ಕಿವಿ ಒಂದೇ ದಿನಕ್ಕೆ ಹೋದದ್ದಲ್ಲ. ಮಗಳು ಹುಟ್ಟಿದ ವರ್ಷದಿಂದ ಸಣ್ಣ ಸದ್ದುಗಳು ಒಂದೊಂದಾಗಿ ಕಳಚಿಕೊಂಡವು. ಮೊದಲು ಫ್ರಿಜ್ಜಿನ ಬೀಪ್, ಆಮೇಲೆ ಮೈಕ್ರೋವೇವ್, ಆಮೇಲೆ ಮನೆಯ ಕರೆಗಂಟೆ. ನರದ ತೊಂದರೆ, ಹೋದದ್ದು ವಾಪಸ್ ಬರುವುದಿಲ್ಲ ಎಂದರು ಡಾಕ್ಟರು. ಎರಡು ಕಿವಿಗೂ ಮೆಷಿನ್ ಬಂತು. ಅದನ್ನು ಹಾಕಿಕೊಂಡರೆ ಎದುರಿಗೆ ಕೂತವರ ಮಾತು ಅರ್ಧ ಕಿವಿಯಿಂದ, ಅರ್ಧ ಅವರ ತುಟಿ ನೋಡಿ ತಿಳಿಯುತ್ತದೆ. ಆದರೆ ದಿನವೆಲ್ಲ ಹಾಗೆ ಕೇಳಿಸಿಕೊಂಡರೆ ಸಂಜೆಗೆ ತಲೆ ಸಿಡಿಯುತ್ತದೆ. ಮನೆಗೆ ಬಂದ ಕೂಡಲೇ ತೆಗೆದಿಡುತ್ತೇನೆ. ತೆಗೆದ ಮೇಲೆ ಕೇಳಿಸುವುದು ಇಲ್ಲವೆಂದೇ ಹೇಳಬೇಕು.

ತುಟಿ ಓದುವುದಕ್ಕೆ ಕನ್ನಡ ಅಷ್ಟೇನೂ ಸಲೀಸಲ್ಲ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಕೂಡಿ ಬಿಡುತ್ತದೆ. ಮಗಳು ಬಾಗಿಲಲ್ಲಿ ನಿಂತು ಕರೆದರೆ ಅಪ್ಪ ಎಂದಳೋ ಅಮ್ಮ ಎಂದಳೋ ಹೇಳಲು ಬರುವುದಿಲ್ಲ. ಅವಳ ಕಣ್ಣು ಯಾರ ಮೇಲಿದೆ ಎಂದು ನೋಡಿ ತಿಳಿದುಕೊಳ್ಳಬೇಕು.

ನನ್ನ ಗಂಡನದೂ ಸಾಫ್ಟ್‌ವೇರ್ ಕೆಲಸ. ಅವರ ತಂಡ ಇರುವುದು ದೂರದ ಕಾರ್ಕ್ ನಗರದ ಡಗ್ಲಸ್‌ನಲ್ಲಿ, ಹಾಗಾಗಿ ಪ್ರತಿ ವಾರ ಒಂದೆರಡು ದಿನ ಅಲ್ಲೇ ಉಳಿಯುತ್ತಾರೆ. ಆ ದಿನಗಳಲ್ಲಿ ಮನೆಯಲ್ಲಿ ನನ್ನ ಕಿವಿಯಾಗಿದ್ದವಳು ಮಗಳು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ನಡೆಯಲು ಕಲಿತ ಹಾಗೆ ಕಲಿತುಕೊಂಡಳು. ಗಂಟೆ ಬಾರಿಸಿದರೆ ಓಡಿ ಬಂದು ನನ್ನ ತೋಳು ಎಳೆಯುತ್ತಿದ್ದಳು. ಫೋನ್ ಬಂದರೆ ತಾನೇ ಎತ್ತಿ ದೊಡ್ಡವರ ಹಾಗೆ ಮಾತಾಡಿ, ವಿಷಯ ನನಗೆ ಹೇಳುತ್ತಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಅದೂ ಪಕ್ಕಾ ಐರಿಶ್ ರಾಗದಲ್ಲಿ. ಇಲ್ಲಿ ಅವಳ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅವಳು ಗೆಳತಿಯರ ಮನೆಯಲ್ಲಿ ಯಾವತ್ತೂ ರಾತ್ರಿ ಉಳಿಯುತ್ತಿರಲಿಲ್ಲ. ಇಷ್ಟವಿಲ್ಲ ಎನ್ನುತ್ತಿದ್ದಳು, ನಾನೂ ನಂಬಿದ್ದೆ. ಒಂದು ದಿನ ಶಾಲೆಯ ಗೇಟಿನ ಬಳಿ ಅವಳ ಗೆಳತಿಯ ತಾಯಿ ನನಗೆ ಎದುರಾಗಿ, ಸರಿಯಾಗಿ ನನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದಳು: "ನಿಮ್ಮ ಮಗಳನ್ನ ನಮ್ಮನೇಲಿ ಮಲಗೋಕೆ ಕರೆದ್ವಿ. ಅಪ್ಪ ಕಾರ್ಕ್‌ನಲ್ಲಿದ್ದಾರೆ, ಸ್ಮೋಕ್ ಅಲಾರ್ಮ್ ಹೊಡೆದರೆ ಅಮ್ಮನಿಗೆ ಹೇಳೋರು ಯಾರು ಅಂತ ಕೇಳಿದಳು."

ಅದೇ ತಿಂಗಳು ಇನ್ನೊಂದು ಸಂಗತಿ ನಡೆಯಿತು. ಆಫೀಸಿನಲ್ಲಿ ಬೆಂಕಿಯ ಅಣಕು ಕವಾಯತು ಇತ್ತಂತೆ. ನಾನು ಮೆಷಿನ್ ತೆಗೆದಿಟ್ಟು, ಒಂದು ಸಣ್ಣ ಮೀಟಿಂಗ್ ಕೋಣೆಯಲ್ಲಿ ಒಬ್ಬಳೇ ಕೂತು ಕೆಲಸ ಮಾಡುತ್ತಿದ್ದೆ. ಬಾಯಾರಿಕೆಯಾಗಿ ಹೊರಗೆ ಬಂದರೆ ಇಡೀ ಮಹಡಿಯಲ್ಲಿ ಒಬ್ಬರೂ ಇಲ್ಲ. ಮೇಜುಗಳ ಮೇಲೆ ಕಾಫಿ ಕಪ್ಪು, ಅರ್ಧ ತಿಂದ ಸ್ಯಾಂಡ್‌ವಿಚ್, ಕುರ್ಚಿಗೆ ನೇತುಹಾಕಿದ ಕೋಟುಗಳು. ಕಿಟಕಿಯಿಂದ ನೋಡಿದರೆ ಎಲ್ಲರೂ ಕೆಳಗೆ ಕಾರ್ ಪಾರ್ಕಿನಲ್ಲಿ ಗುಂಪಾಗಿ ನಿಂತು ನಗುತ್ತಾ ಮಾತಾಡುತ್ತಿದ್ದರು. ನಾನು ಗಾಜಿಗೆ ಕೈ ಇಟ್ಟು ನಿಂತೆ. ಬೆಂಕಿ ನಿಜವಾಗಿದ್ದಿದ್ದರೆ ಎಂದು ಯೋಚಿಸುವುದಕ್ಕೂ ಮೊದಲು ನನಗೆ ಹೊಳೆದದ್ದು ಮಗಳು ಕೇಳಿದ್ದ ಪ್ರಶ್ನೆ.

ಕಿವಿ ಕೇಳದವರಿಗೆ ನಾಯಿಗಳನ್ನು ತರಬೇತುಗೊಳಿಸಿ ಕೊಡುವ ಒಂದು ಸಂಸ್ಥೆ ಇದೆ ಎಂದು ಹೇಳಿದ್ದು ನನ್ನ ಕಿವಿ ಪರೀಕ್ಷೆ ಮಾಡುವ ಹುಡುಗಿ. ಕುರುಡರ ನಾಯಿ ದಾರಿ ತೋರಿಸುವ ಹಾಗೆ ಈ ಹಿಯರಿಂಗ್ ಡಾಗ್ ಸದ್ದು ತೋರಿಸುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಸ್ಕೂಟರಿನ ಹಿಂದೆ ಅಟ್ಟಿಸಿಕೊಂಡು ಬರುತ್ತಿದ್ದ ಬೀದಿನಾಯಿಗಳನ್ನು ಬಿಟ್ಟರೆ ನನಗೂ ನಾಯಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಅರ್ಜಿ ಹಾಕಿದೆ. ಬಹಳ ದಿನ ಕಾದ ಮೇಲೆ ತರಬೇತಿ ಕೊಡುವ ಹೆಂಗಸು ಮನೆ ನೋಡಲು ಬಂದರು.

ಅರವತ್ತರ ಆಸುಪಾಸಿನವರು. ಕೈ ತುಂಬ ನಾಯಿ ಪರಚಿದ ಗೆರೆಗಳು, ಜೇಬಿನ ತುಂಬ ಬಿಸ್ಕೆಟ್ಟಿನ ಚೂರು. ಮಾತಾಡುವ ಮೊದಲು ನನ್ನ ಕಣ್ಣಿಗೆ ಬೀಳುವ ಹಾಗೆ ಕೈ ಎತ್ತಿ, ನಾನು ನೋಡಿದ ಮೇಲಷ್ಟೇ ಬಾಯಿ ತೆರೆಯುತ್ತಿದ್ದರು. ಇಂಗ್ಲಿಷಿನ ‘ಯೂ’ಗೆ ಗೌರವದ ಲೆಕ್ಕವಿಲ್ಲ. ಆದರೂ ಅವರು ಹೇಳುವ ‘ಯೂ’ ಮೊದಲ ದಿನದಿಂದಲೇ ನನಗೆ ‘ನೀನು’ ಎಂದೇ ಕೇಳಿಸಿತು. ಊರಿನಲ್ಲಿ ಸೋದರತ್ತೆಯೊಬ್ಬರು ಬಂದು ಅಡುಗೆಮನೆಯಲ್ಲಿ ಕೂತ ಹಾಗಿತ್ತು.

"ನಿನಗೆ ಯಾವ ಯಾವ ಸದ್ದು ಬೇಕು, ಹೇಳು" ಎಂದರು.

ನನಗೆ ಯಾವುದು ಕೇಳಿಸುವುದಿಲ್ಲ ಎಂದು ಕೇಳಿದವರು ಬಹಳ ಜನ. ಯಾವುದು ಬೇಕು ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಬಾಗಿಲ ಗಂಟೆ, ಸ್ಮೋಕ್ ಅಲಾರ್ಮ್, ಬೆಳಗಿನ ಅಲಾರ್ಮ್, ಮಗಳು ಕರೆಯುವುದು ಎಂದೆ. ಕುಕ್ಕರ್ ವಿಷಲ್ ಎಂದೂ ಸೇರಿಸಿದೆ. ಅವರಿಗೆ ಅದೇನೆಂದು ತಿಳಿಯಲಿಲ್ಲ. ತೊಗರಿಬೇಳೆ ಹಾಕಿ ಕುಕ್ಕರ್ ಇಟ್ಟು ತೋರಿಸಿದೆ. ಮೊದಲ ವಿಷಲ್ ಬಂದಾಗ ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. ಕಪ್ಪಿನಲ್ಲಿದ್ದ ಟೀ ತಟ್ಟೆಗೆ ಚೆಲ್ಲಿತು.

"ಇದು ದಿನಾ ಆಗುತ್ತಾ?"

"ದಿನಾ. ಬೇಳೆಗೆ ಮೂರು ಸಲ."

"ನನ್ನ ನಾಯಿಗಳಿಗೆ ಮೊದಲೇ ಹೇಳಿಡಬೇಕು" ಎಂದು, ಮುಂದಿನ ವಿಷಲ್ಲನ್ನು ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು.

ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ವಿಷಯ ತಿಳಿಸಿದೆ. ನನಗೆ ತುಟಿ ಕಾಣಲಿ ಎಂದು ಅಮ್ಮ ಫೋನನ್ನು ಎಷ್ಟು ಹತ್ತಿರ ಹಿಡಿಯುತ್ತಾರೆಂದರೆ ಗಲ್ಲ, ಮೂಗಿನ ತುದಿ ಬಿಟ್ಟು ಬೇರೇನೂ ಕಾಣುವುದಿಲ್ಲ. "ಅಡುಗೆಮನೆಗೆ ನಾಯೀನಾ ಬಿಟ್ಕೊಳ್ಳೋದು?" ಎಂದು ಆ ಗಲ್ಲ ಕೇಳಿತು. ಮರುದಿನ ಅವರೇ ಮತ್ತೆ ವಿಡಿಯೋ ಕಾಲ್ ಮಾಡಿ, "ದೇವರ ಗೂಡನ್ನ ಸ್ವಲ್ಪ ಮೇಲಕ್ಕೆ ಹೊಡಿಸ್ಬಿಡು. ಬಾಲ ತಾಗ್ಬಾರ್ದು, ಅಷ್ಟೇ" ಎಂದರು.

ಮೊದಲು ಸಿಕ್ಕಿದ್ದು ಎರಡು ವರ್ಷ ತುಂಬದ ಕಪ್ಪು ಲ್ಯಾಬ್ರಡಾರ್ ಗಂಡು. ಸಂಸ್ಥೆಯ ಕೇಂದ್ರ ಇದ್ದದ್ದು ಡಬ್ಲಿನ್ನಿನಿಂದ ಉತ್ತರಕ್ಕೆ ಹೋದರೆ ಡನ್‌ಡಾಕ್ ಊರಿಗೆ ಸ್ವಲ್ಪ ಮುಂಚೆ, ಹೊಲಗಳ ನಡುವೆ. ಆಫೀಸಿಗೆ ರಜೆ ಹಾಕಿ ಒಂದು ವಾರ ಅಲ್ಲೇ ಉಳಿದು ಅವನ ಜೊತೆ ಕಲಿತೆ. ಕಲಿಯುವುದು ನನಗೇ ಹೆಚ್ಚಿತ್ತು. ಗಂಟೆ ಹೊಡೆದರೆ ಅವನು ಬಂದು ನನ್ನ ಮೊಣಕಾಲಿಗೆ ಮೂಗು ಒತ್ತುತ್ತಾನೆ. ನಾನು ಎರಡೂ ಕೈ ಅಗಲಿಸಿ "ಏನು?" ಎಂದು ಕೇಳಬೇಕು. ಅವನು ಸದ್ದು ಬಂದ ಕಡೆಗೆ ಕರೆದೊಯ್ಯುತ್ತಾನೆ. ಅಲ್ಲಿ ತಲುಪಿದ ಮೇಲೆ ಬಿಸ್ಕೆಟ್. ಬೆಂಕಿಯ ಅಲಾರ್ಮ್ ಆದರೆ ಎಲ್ಲಿಗೂ ಕರೆದೊಯ್ಯುವುದಿಲ್ಲ, ಮೂಗು ಒತ್ತಿ ಅಲ್ಲೇ ನೆಲಕ್ಕೆ ಮಲಗಿಬಿಡುತ್ತಾನೆ. ಅಪಾಯ ಎಂದು ಅರ್ಥ. ಕೇಂದ್ರದಲ್ಲಿ ಅವನು ಒಂದು ಸದ್ದನ್ನೂ ಬಿಡಲಿಲ್ಲ. ನಾನು ಖುಷಿಯಿಂದ ಮನೆಗೆ ಕರೆತಂದೆ.

ಮನೆಯಲ್ಲಿ ಎಲ್ಲ ಕೆಟ್ಟಿತು. ನಾನು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಮುಂಬಾಗಿಲಿಗೆ, ಅಲ್ಲಿಂದ ಮೆಟ್ಟಿಲವರೆಗೆ ಹೋಗಿ ನೋಡಿ ಬರುವುದು ನಿತ್ಯದ ಅಭ್ಯಾಸ. ಅವನು ನನ್ನ ಹಿಂದೆಯೇ ಓಡಾಡತೊಡಗಿದ. ನಾನು ತಿರುಗಿದರೆ ತಿರುಗುತ್ತಿದ್ದ, ನಿಂತರೆ ನಿಲ್ಲುತ್ತಿದ್ದ. ಯಾವುದೋ ದೊಡ್ಡ ಸದ್ದು ತನಗೆ ತಪ್ಪಿಹೋಗಿದೆ, ಅದಕ್ಕೇ ಈಕೆ ಹುಡುಕುತ್ತಿದ್ದಾಳೆ ಎಂದು ಅವನಿಗೆ ಅನಿಸಿರಬೇಕು. ಬರಬರುತ್ತಾ ಪಕ್ಕದ ಮನೆಯ ಕಸದ ಡಬ್ಬಿ ಉರುಳಿದ್ದಕ್ಕೂ, ಮೇಲೆ ಯಾರೋ ನಲ್ಲಿ ಬಿಟ್ಟಿದ್ದಕ್ಕೂ ಬಂದು ಮೂಗು ಒತ್ತತೊಡಗಿದ. ಕುಕ್ಕರ್ ವಿಷಲ್ ಆದರೆ ಮೇಜಿನ ಕೆಳಗೆ ನುಗ್ಗಿ ನಡುಗುತ್ತಿದ್ದ. ಊಟ ಕಡಿಮೆಯಾಯಿತು. ಮುಂಗಾಲನ್ನು ನೆಕ್ಕಿ ನೆಕ್ಕಿ ಕೆಂಪು ಮಾಡಿಕೊಂಡ. ಒಂದೇ ಮನೆಯಲ್ಲಿ ಇಬ್ಬರು ಒಬ್ಬರನ್ನೊಬ್ಬರು ಕಾಯುತ್ತಾ, ಹೆದರಿಸುತ್ತಾ ಸುತ್ತುತ್ತಿದ್ದೆವು.

ತರಬೇತುದಾರರು ಬಂದರು. ಅಡುಗೆಮನೆಯ ಮೂಲೆಯಲ್ಲಿ ಕೂತು ನಮ್ಮಿಬ್ಬರನ್ನೂ ನೋಡಿದರು. ಟೀ ಆರಿಹೋಯಿತು. ಆಮೇಲೆ ಕೈ ಎತ್ತಿದರು.

"ಇವನನ್ನ ಕರಕೊಂಡು ಹೋಗ್ತೀನಿ."

"ಇನ್ನೊಂದು ತಿಂಗಳು ನೋಡೋಣ. ನಾನು ಸರಿ ಮಾಡ್ಕೋತೀನಿ."

"ನೀನೇನೂ ತಪ್ಪು ಮಾಡಿಲ್ಲ, ಅವನೂ ಮಾಡಿಲ್ಲ. ಇವನು ಮನುಷ್ಯರ ಮೈಯಲ್ಲಿರೋದನ್ನ ತನ್ನ ಮೈಗೆ ತಗೊಳ್ಳೋ ಜಾತಿಯವನು. ನಿಧಾನದವರ ಮನೆಗೆ ಹೋದರೆ ಚಿನ್ನದಂಥವನು. ನೀನು ನಿಧಾನದವಳಲ್ಲ."

ಅವನು ವ್ಯಾನ್ ಹತ್ತಿದ ಕೂಡಲೇ ಮಲಗಿ ನಿದ್ದೆ ಹೋದನಂತೆ. ಗಂಡ ನೋಡಿ ಬಂದು ಹೇಳಿದರು. ನನಗೆ ಸಮಾಧಾನವಾಗಲಿ ಎಂದು ಹೇಳಿದ ಮಾತು. ನಾನು ಬಚ್ಚಲಿಗೆ ಹೋಗಿ ಅತ್ತೆ. ಒಂದು ನಾಯಿಗೂ ನನ್ನ ಜೊತೆ ಇರಲು ಆಗಲಿಲ್ಲವಲ್ಲ ಎನ್ನಿಸಿತು. ಮಗಳು ಮಾತ್ರ ಅಂದು ಸಂಜೆ ಲವಲವಿಕೆಯಿಂದಿದ್ದಳು. ಅಮೆಜಾನಿನವನು ಗಂಟೆ ಬಾರಿಸಿದಾಗ ಮೊದಲಿನ ಹಾಗೆ ಓಡಿ ಬಂದು ನನ್ನ ತೋಳು ಎಳೆದಳು.

ಮತ್ತೆ ಕಾಯುವ ದಿನಗಳು ಶುರುವಾದವು. ತರಬೇತುದಾರರು ಒಂದು ಅಭ್ಯಾಸ ಹೇಳಿಕೊಟ್ಟು ಹೋಗಿದ್ದರು. ದಿನಕ್ಕೊಮ್ಮೆ ಬಾಗಿಲಿಗೆ ಬೆನ್ನು ಹಾಕಿ ಕೂತು, ಒಂದು ಕಪ್ ಕಾಫಿ ಮುಗಿಯುವ ತನಕ ತಿರುಗಿ ನೋಡಬಾರದು. ಕೇಳಿದಾಗ ನಗು ಬಂತು. ಕೂತಾಗ ಗೊತ್ತಾಯಿತು. ಎರಡು ಗುಟುಕು ಕುಡಿಯುವಷ್ಟರಲ್ಲಿ ಬೆನ್ನ ಮೇಲೆ ಇರುವೆ ಹರಿದ ಹಾಗೆ. ಗ್ಯಾಸ್ ಆರಿಸಿದೆನೇ, ಬಾಗಿಲಲ್ಲಿ ಯಾರಾದರೂ ಇದ್ದಾರೆಯೇ, ಮಗಳು ಮೇಲಿಂದ ಕರೆಯುತ್ತಿದ್ದಾಳೆಯೇ. ಮೊದಲ ವಾರ ಒಂದು ಕಪ್ಪನ್ನೂ ಪೂರ್ತಿ ಕುಡಿಯಲಾಗಲಿಲ್ಲ. ನನ್ನ ಪಾಡು ನೋಡಲಾರದೆ ಗಂಡ ಎದುರು ಕುರ್ಚಿಯಲ್ಲಿ ಬಂದು ಕೂತರು.

"ನೀನು ಕಾಫಿ ಕುಡಿ. ಬಾಗ್ಲು ನಾನು ನೋಡ್ಕೋತೀನಿ."

"ಹಂಗೆ ಮಾಡ್ಬಾರ್ದು ರೀ. ನೀವು ನೋಡಿದ್ರೆ ನಿಮ್ಮ ಮುಖ ನೋಡ್ತಾ ಕೂರ್ತೀನಿ, ಅಷ್ಟೇ."

ಅವರು ಕುರ್ಚಿ ತಿರುಗಿಸಿ ತಾವೂ ಬಾಗಿಲಿಗೆ ಬೆನ್ನು ಹಾಕಿ ಕೂತರು. ಇಬ್ಬರೂ ಗೋಡೆ ನೋಡುತ್ತಾ ಕಾಫಿ ಕುಡಿದೆವು. ನನಗೆ ಅಭ್ಯಾಸವಾಯಿತು ಎಂದು ಹೇಳಲಾರೆ. ತಿರುಗಬೇಕೆನ್ನಿಸುವುದು ನಿಲ್ಲಲಿಲ್ಲ. ಅನ್ನಿಸಿದಾಗ ತಿರುಗದೆ ಇರುವುದು ಸ್ವಲ್ಪ ಸ್ವಲ್ಪ ಬಂತು.

ಎರಡನೆಯ ನಾಯಿಯನ್ನು ನೋಡಲು ಕರೆದಾಗ ನಾನು ಆಸೆ ಇಟ್ಟುಕೊಳ್ಳದೆ ಹೋದೆ. ತಿಳಿ ಕಂದು ಬಣ್ಣದ, ಗುಂಗುರು ಕೂದಲಿನ ಹೆಣ್ಣು. ಸ್ಪ್ಯಾನಿಯಲ್‌ಗೂ ಪೂಡಲ್‌ಗೂ ಹುಟ್ಟಿದ್ದು, ಒಂದು ದೊಡ್ಡ ಬೆಕ್ಕಿಗಿಂತ ತುಸು ಎತ್ತರ. ಗಾಲಿಕುರ್ಚಿಯವರಿಗೆ ನೆರವಾಗಲು ತಯಾರು ಮಾಡುತ್ತಿದ್ದರಂತೆ. ಎತ್ತರ ಸಾಲಲಿಲ್ಲ, ಉತ್ಸಾಹವೂ ಸಾಲಲಿಲ್ಲ. ಅವಳು ನನ್ನನ್ನು ಒಮ್ಮೆ ಮೂಸಿ, ಆಕಳಿಸಿ, ನನ್ನ ಎಡಪಾದದ ಮೇಲೆ ಗಲ್ಲ ಇಟ್ಟು ಮಲಗಿದಳು. ತರಬೇತುದಾರರು ನನ್ನ ಬೆನ್ನ ಹಿಂದೆ ಒಂದು ಸ್ಟೀಲ್ ತಟ್ಟೆಯನ್ನು ಬೀಳಿಸಿದರು. ನನಗೆ ಅದು ಗೊತ್ತಾದದ್ದು ಪಾದದ ಮೇಲಿನ ಭಾರ ಎದ್ದಾಗ. ಅವಳು ಎದ್ದು ಮೈ ಕೊಡವಿಕೊಂಡು, ಮೈ ಮುರಿದು, ಏನೂ ಅವಸರವಿಲ್ಲದೆ ಬಂದು ನನ್ನ ಮೊಣಕಾಲಿಗೆ ಮೂಗು ಒತ್ತಿದಳು.

"ಬಹಳ ನಿಧಾನ ಅಲ್ವಾ?" ಎಂದೆ.

"ತಟ್ಟೆ ಬಿದ್ದ ಮೇಲೆ ಅವಸರ ಮಾಡಿ ಏನು ಪ್ರಯೋಜನ?" ಎಂದರು ಅವರು. "ಇವಳು ನಿನ್ನನ್ನ ನೋಡಿ ಹೆದರೋದಿಲ್ಲ. ನನಗೆ ಅದು ಸಾಕು."

ಮನೆಗೆ ಬಂದಳು. ಈಗ ಬೇರೆ ತೊಂದರೆ. ಗಂಟೆ ಹೊಡೆದರೆ ಅವಳು ಏಳುವಷ್ಟರಲ್ಲಿ, ಯಾವುದೋ ನೆರಳು ಕಂಡೋ, ಅವಳ ಕಿವಿ ಅಲುಗಿದ್ದು ಕಂಡೋ ನಾನೇ ಎದ್ದು ಬಾಗಿಲಿಗೆ ಹೋಗಿರುತ್ತಿದ್ದೆ. ಅವಳು ನನ್ನನ್ನು ನೋಡಿ ಮತ್ತೆ ಮಲಗುತ್ತಿದ್ದಳು. ಹದಿನೈದು ದಿನ ಕಳೆಯುವಷ್ಟರಲ್ಲಿ ಏಳುವುದನ್ನೇ ಬಿಟ್ಟಳು. ಇವಳೂ ವಾಪಸ್ ಹೋಗುತ್ತಾಳೆ ಎಂದು ನಾನು ಒಳಗೊಳಗೇ ಸಿದ್ಧಳಾಗುತ್ತಿದ್ದೆ. ತರಬೇತುದಾರರು ಬಂದು ನೋಡಿ ಈ ಸಲ ನಾಯಿಯನ್ನು ಬಿಟ್ಟು ನನ್ನನ್ನು ಗದರಿದರು.

"ಅವಳ ಕೆಲಸ ನೀನು ಮಾಡ್ತಿದ್ದೀಯ. ಅವಳು ಯಾಕೆ ಏಳಬೇಕು? ಬಾಗಿಲಲ್ಲಿ ಯಾರು ನಿಂತಿದ್ದಾರೆ ಅಂತ ಕಣ್ಣಾರೆ ಕಂಡರೂ ಸರಿ, ಅವಳು ಬಂದು ಹೇಳೋ ತನಕ ಕೂತಿರು."

"ಹೊರಗಿರೋರು ಹೊರಟು ಹೋದ್ರೆ?"

"ಹೋಗಲಿ. ನಾಳೆ ಬರ್ತಾರೆ."

ಕೂತೆ. ಒಂದೆರಡು ಪಾರ್ಸೆಲ್ ವಾಪಸ್ ಹೋದವು. ಒಮ್ಮೆ ಪಕ್ಕದ ಮನೆಯವರು ಗಂಟೆ ಬಾರಿಸಿ ಬಾರಿಸಿ, ಕಿಟಕಿಯಿಂದ ನಾನು ಕೂತಿರುವುದನ್ನು ಕಂಡು, ಏನೋ ಬೇಸರವಾಗಿದೆ ಎಂದುಕೊಂಡು ಹೋದರಂತೆ. ಆಮೇಲೆ ಹೋಗಿ ವಿಷಯ ವಿವರಿಸಿದೆ. ಅವರು ನಗುತ್ತಾ, ಇನ್ನು ಮುಂದೆ ನಾಯಿ ಏಳುವ ತನಕ ಬಾರಿಸುತ್ತಲೇ ಇರುತ್ತೇನೆ ಎಂದರು. ಒಂದು ಬೆಳಿಗ್ಗೆ, ನಾನು ತರಕಾರಿ ಹೆಚ್ಚುತ್ತಾ ಏನನ್ನೋ ಯೋಚಿಸುತ್ತಿದ್ದಾಗ, ಮೊಣಕಾಲಿಗೆ ತಣ್ಣನೆಯ ಮೂಗು ತಾಗಿತು. "ಏನು?" ಎಂದೆ. ಅವಳು ಬಾಗಿಲಿಗೆ ಕರೆದೊಯ್ದಳು. ಪೋಸ್ಟ್‌ಮನ್ ನಿಂತಿದ್ದ. ಆ ಸದ್ದನ್ನು ನಾನು ಹುಡುಕಿರಲಿಲ್ಲ, ಕಾದಿರಲಿಲ್ಲ.

ಕುಕ್ಕರನ್ನೂ ಕಲಿತಳು. ಪ್ರತಿ ವಿಷಲ್‌ಗೂ ಎದ್ದು ಬಂದು ಹೇಳಿ ಹೋಗುತ್ತಿದ್ದಳು. ಮೂರನೆಯದಕ್ಕೆ ಬರುವಾಗ ಅವಳ ಮುಖದಲ್ಲಿ, ಎಷ್ಟು ಸಲ ಹೇಳಬೇಕು ನಿನಗೆ ಎಂಬ ಬೇಸರ ಕಾಣುತ್ತಿತ್ತು. ಹತ್ತಿರದ ರೇಸ್‌ಕೋರ್ಸಿನಲ್ಲಿ ಕುದುರೆ ರೇಸ್ ಇದ್ದ ದಿನ ಟ್ರಾಮಿನಲ್ಲಿ ಕಿಕ್ಕಿರಿದ ಜನರ ನಡುವೆ, ಹ್ಯಾಟು, ಹೈಹೀಲು, ಬಿಯರ್ ವಾಸನೆಯ ಮಧ್ಯೆ ಅವಳನ್ನು ಕರೆದೊಯ್ಯುವ ಪರೀಕ್ಷೆಯೂ ಆಯಿತು. ಅವಳು ಅಲುಗಲಿಲ್ಲ. ಬೆವರಿದ್ದು ನಾನು.

ಮನೆಯಲ್ಲಿ ಎಲ್ಲರೂ ಸೇರಿ ಕಲಿಸಬೇಕಾದ ಪಾಠ ಒಂದಿತ್ತು. ಮನೆಯವರು ಇನ್ನೊಂದು ಕೋಣೆಯಿಂದ ಹೇಳಿದರೆ ನಾಯಿ ಬಂದು ನನ್ನನ್ನು ಅವರ ಬಳಿಗೆ ಕರೆದೊಯ್ಯಬೇಕು. ಅದಕ್ಕೆ ಒಂದು ಮಾತು ಆರಿಸಿಕೊಳ್ಳಿ ಎಂದರು ತರಬೇತುದಾರರು. "ಅಮ್ಮನ್ನ ಕರಿ" ಎಂದು ಇಟ್ಟುಕೊಂಡೆವು. ತರಬೇತುದಾರರ ಬಾಯಲ್ಲಿ ‘ಕರಿ’ ಇಂಗ್ಲಿಷಿನ, ಸಾರು ಪಲ್ಯದ ಕರಿಯೇ ಆಯಿತು. "ನಾನು ಕರಿ ಅಂದರೆ ನಾಯಿ ಅಮ್ಮನನ್ನ ತರುತ್ತೆ. ಡಬ್ಲಿನ್ನಿನ ಯಾವ ಹೋಟೆಲಲ್ಲೂ ಇಂಥ ಸೇವೆ ಸಿಗಲ್ಲ" ಎಂದು ತಾವೇ ನಕ್ಕರು. ಗಂಡ ಕಲಿಸಿದರು. ಮಗಳು ಒಲ್ಲೆ ಎಂದಳು.

ಒಲ್ಲೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ನಾಯಿಯನ್ನು ಕಳಿಸು ಎಂದರೆ ತಾನೇ ಬರುತ್ತಿದ್ದಳು. ಗಂಟೆ ಹೊಡೆದರೆ ನಾಯಿ ಏಳುವ ಮೊದಲೇ ಮೆಟ್ಟಿಲಿಳಿದು ಓಡಿ ಬಂದು ನನ್ನ ತೋಳು ಹಿಡಿಯುತ್ತಿದ್ದಳು. ನಾಯಿ ಅರ್ಧ ಎದ್ದು ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಒಂದು ದಿನ ನಾನು ತಾಳ್ಮೆ ಕಳೆದುಕೊಂಡೆ.

"ಅವಳು ಹೇಳ್ತಾಳೆ, ನೀನು ಬಿಡು ಪುಟ್ಟಿ."

"ಅವಳು ನಾಯಿ, ಅಮ್ಮಾ."

"ನಾಯಿ ಆದ್ರೇನು? ಅದಕ್ಕೇ ಅಲ್ವಾ ತಂದಿರೋದು?"

"ನಾನು ಸರಿಯಾಗಿ ಮಾಡ್ತಾ ಇರ್ಲಿಲ್ವಾ?"

ಅವಳ ತುಟಿ ನಡುಗುತ್ತಿತ್ತು. ನಡುಗುವ ತುಟಿಯನ್ನು ಓದುವುದು ಕಷ್ಟ. ಇನ್ನೊಂದು ಸಲ ಹೇಳು ಎಂದೆ. ಅದು ಅವಳಿಗೆ ಇನ್ನಷ್ಟು ಕೋಪ ತರಿಸಿತು. ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಬಡಿದದ್ದು ನೆಲದ ಮೂಲಕ ನನ್ನ ಕಾಲಿಗೆ ತಿಳಿಯಿತು. ಹಿಂದೆಯೇ ಹೋಗಿ ಏನಾದರೂ ಹೇಳಬೇಕಿತ್ತು. ಏನು ಹೇಳಲಿ? ನೀನು ಚೆನ್ನಾಗಿ ಮಾಡುತ್ತಿದ್ದೆ, ಅದಕ್ಕೇ ಬೇರೆಯವರನ್ನು ತಂದೆವು ಎಂದರೆ ಹನ್ನೊಂದು ವರ್ಷದ ಹುಡುಗಿಗೆ ಅರ್ಥವಾಗುತ್ತದೆಯೇ? ನಾನು ಮೆಟ್ಟಿಲ ಕೆಳಗೆ ನಿಂತು, ಹತ್ತಿ, ಇಳಿದು, ಕೊನೆಗೆ ಅಡುಗೆಮನೆಗೆ ಹೋಗಿ ಒಲೆ ಒರೆಸಿದೆ.

ಕೆಲವು ವಾರಗಳ ಮೇಲೆ ಒಂದು ಶನಿವಾರ ಮಧ್ಯಾಹ್ನ ಗಂಡ ಅಂಗಡಿಗೆ ಹೋಗಿದ್ದರು. ನಾನು ಮೆಷಿನ್ ತೆಗೆದಿಟ್ಟು ಚಪಾತಿ ಹಿಟ್ಟು ಕಲಸುತ್ತಿದ್ದೆ. ನಾಯಿ ಮೇಜಿನ ಕೆಳಗಿದ್ದಳು. ಎದ್ದು ಬಾಗಿಲವರೆಗೆ ಹೋದಳು, ನಿಂತಳು, ವಾಪಸ್ ಬಂದಳು. ಅವಳು ಹಾಗೆ ಅನುಮಾನ ಪಡುವವಳಲ್ಲ. ಆಮೇಲೆ ಹೊರಗೆ ಹೋದವಳು ಸ್ವಲ್ಪ ಹೊತ್ತು ಕಾಣಲಿಲ್ಲ. ಬಂದಾಗ ನಡೆಯುತ್ತಿರಲಿಲ್ಲ, ಓಡುತ್ತಿದ್ದಳು. ಮೊಣಕಾಲಿಗೆ ಮೂಗನ್ನು ಜೋರಾಗಿ ಒತ್ತಿದಳು. "ಏನು?" ಎಂದೆ, ಹಿಟ್ಟಿನ ಕೈಯಲ್ಲೇ. ಮುಂಬಾಗಿಲಿಗೆ ಹೋಗುತ್ತಾಳೆ ಎಂದುಕೊಂಡರೆ ಮೆಟ್ಟಿಲು ಹತ್ತಿದಳು, ಬಚ್ಚಲ ಬಾಗಿಲ ಮುಂದೆ ನಿಂತಳು.

ಹಿಡಿ ತಿರುಗಿಸಿದರೆ ಬಾಗಿಲು ತೆರೆಯಲಿಲ್ಲ. ಮಗಳು ಒಳಗಿದ್ದಾಳೆ, ಚಿಲಕ ಸಿಕ್ಕಿಕೊಂಡಿದೆ ಎಂದು ಊಹಿಸಿದೆ. ಅವಳು ಏನು ಹೇಳುತ್ತಿದ್ದಾಳೋ ನನಗೆ ಕೇಳುವುದಿಲ್ಲ, ನಡುವೆ ಬಾಗಿಲು ಇರುವುದರಿಂದ ತುಟಿಯೂ ಕಾಣುವುದಿಲ್ಲ. ಬಿದ್ದಿದ್ದಾಳೆಯೇ, ರಕ್ತ ಬರುತ್ತಿದೆಯೇ ಎಂಬುದೇ ತಲೆಯಲ್ಲಿ. ಮೆಷಿನ್ ಕೆಳಗಿತ್ತು, ಹಾಕಿದರೂ ಬಾಗಿಲಾಚೆಯ ಮಾತು ತಿಳಿಯುವುದಿಲ್ಲ. ಕಡೆಗೆ ಅಂಗೈಯನ್ನು ಬಾಗಿಲಿಗೆ ಒತ್ತಿ, ನಾನು ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆ ಎಂಬುದೂ ತಿಳಿಯದೆ ಹೇಳಿದೆ.

"ಪುಟ್ಟಿ, ನೀನು ಹೇಳೋದು ನಂಗೆ ಕೇಳಲ್ಲ. ಬಾಗ್ಲು ತಟ್ಟು. ಹೌದು ಅಂದ್ರೆ ಒಂದ್ಸಲ, ಇಲ್ಲ ಅಂದ್ರೆ ಎರಡು. ಪೆಟ್ಟಾಗಿದ್ಯಾ?"

ಅಂಗೈಗೆ ಎರಡು ಸಲ ತಟ್ಟಿದ್ದು ತಿಳಿಯಿತು.

"ಚಿಲಕ ಬರ್ತಿಲ್ವಾ?"

ಒಂದು ಸಲ.

"ಭಯ ಆಗ್ತಿದ್ಯಾ?"

ಒಂದು ಸಲ, ಮೆತ್ತಗೆ. ನಾನು ಹಣೆಯನ್ನೂ ಬಾಗಿಲಿಗೆ ಒತ್ತಿದೆ. ಹೋಗಿ ಪಕ್ಕದ ಮನೆಯವರನ್ನು ಕರೆತರುತ್ತೇನೆ, ನಾಯಿ ಇಲ್ಲೇ ಇರುತ್ತಾಳೆ ಎಂದೆ. ಒಂದು ಸಲ ತಟ್ಟಿದಳು.

ಪಕ್ಕದ ಮನೆಯವರು ಸ್ಕ್ರೂಡ್ರೈವರ್ ಹಿಡಿದು ಬಂದು ಹಿಡಿಯನ್ನೇ ಬಿಚ್ಚಿ ತೆಗೆದರು. ಮಗಳು ತಲೆಗೆ ಟವೆಲ್ ಸುತ್ತಿಕೊಂಡು ಹೊರಬಂದಳು. ಅತ್ತು ಮುಖ ಊದಿತ್ತು. ನನ್ನ ಮುಖದ ಮುಂದೆ ಬಂದು ನಿಂತು ಹೇಳಿದಳು, "ಅಮ್ಮಾ ಅಮ್ಮಾ ಅಂತ ತುಂಬಾ ಹೊತ್ತು ಕೂಗಿದೆ. ಅವಳು ಬಂದು ಬಾಗಿಲ ಹತ್ತಿರ ಮೂಸ್ತಾ ಇದ್ದಳು. ಏನು ಮಾಡಬೇಕು ಅಂತ ಅವಳಿಗೂ ಗೊತ್ತಾಗ್ತಿರಲಿಲ್ಲ. ಆಮೇಲೆ ಆ ಮಾತು ಹೇಳಿದೆ." "ಅಮ್ಮನ್ನ ಕರಿ" ಎಂದು ಕನ್ನಡದಲ್ಲೇ ಹೇಳಿ ತೋರಿಸಿದಳು. ನಾಯಿ ಕೂಡಲೇ ಬಂದು ನನ್ನ ಮೊಣಕಾಲಿಗೆ ಮೂಗು ಒತ್ತಿದಳು.

"ಅವಳಿಗೆ ಬಿಸ್ಕೆಟ್ ಕೊಟ್ಟೆಯಾ?" ಎಂದು ಮಗಳು ಕೇಳಿದಳು.

ನಾನು ಕೊಟ್ಟಿರಲಿಲ್ಲ. ಅವಳೇ ಒದ್ದೆ ಕಾಲಲ್ಲಿ ಕೆಳಗೆ ಓಡಿ ಡಬ್ಬಿ ತಂದಳು. ಬಾಗಿಲಿನಿಂದ ಹಿಡಿದು ನಾಯಿಯ ಕಾಲಿನವರೆಗೂ ನನ್ನ ಕೈಯ ಹಿಟ್ಟು ಮೆತ್ತಿಕೊಂಡಿತ್ತು.

ಅಂದಿನಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಗಳು ಈಗಲೂ ಒಮ್ಮೊಮ್ಮೆ ನಾಯಿಗಿಂತ ಮೊದಲು ಓಡಿ ಬರುತ್ತಾಳೆ. ಆದರೆ ಓದುತ್ತಾ ಕೂತಿದ್ದರೆ ಎದ್ದೇಳದೆ ನಾಯಿಯನ್ನು ಕಳಿಸುತ್ತಾಳೆ. ತಿಂಡಿ ಬೇಕಾದಾಗ ಸ್ವಲ್ಪ ಹೆಚ್ಚೇ ಕಳಿಸುತ್ತಾಳೆ. ಗೆಳತಿಯ ಮನೆಯಲ್ಲಿ ರಾತ್ರಿ ಉಳಿದು ಬಂದಳು, ಆಮೇಲೆ ಇನ್ನೊಮ್ಮೆ ಉಳಿದಳು. ಅವಳಿಲ್ಲದ ಮೊದಲ ರಾತ್ರಿ ನಾನು ನಿದ್ದೆ ಮಾಡಿದೆನೇ ಎಂದು ತರಬೇತುದಾರರು ಕೇಳಿದರು. ನಾಯಿ ಮಾಡಿದಳು ಎಂದೆ. ಫಿಸಿಯೊ ಕುತ್ತಿಗೆ ಮೊದಲಿಗಿಂತ ಸಡಿಲವಾಗಿದೆ ಎನ್ನುತ್ತಾಳೆ. ನನಗೆ ಅಷ್ಟೇನೂ ವ್ಯತ್ಯಾಸ ಗೊತ್ತಾಗುತ್ತಿಲ್ಲ.

ಕಳೆದ ಬೇಸಿಗೆಯಲ್ಲಿ ಮಗಳು ಪಶ್ಚಿಮ ತೀರದ ಒಂದು ಹಳ್ಳಿಗೆ ಹೋದಳು. ಐರಿಶ್ ಭಾಷೆ ಕಲಿಯಲು ಇಲ್ಲಿನ ಮಕ್ಕಳು ರಜೆಯಲ್ಲಿ ಹೋಗಿ ಉಳಿಯುವ ಶಿಬಿರ ಅದು. ಮೂರು ವಾರ ಅಲ್ಲಿ ಬೇರೆ ಭಾಷೆ ಆಡುವಂತಿಲ್ಲ, ಫೋನನ್ನು ತಲುಪಿದ ದಿನವೇ ತೆಗೆದಿಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಬಸ್ಸು ಹತ್ತಿಸಿ ಬಂದೆವು. ಸಂಜೆ ಮನೆಯಲ್ಲಿ ಕೂರಲಾಗದೆ, ಗಂಡ, ನಾನು, ನಾಯಿ ಮೂವರೂ ರೇಸ್‌ಕೋರ್ಸ್ ಕಡೆಗೆ ನಡೆದೆವು. ಗಾಳಿ ಜೋರಾಗಿತ್ತು. ನಾಯಿ ಬೇಲಿಯ ಬುಡದ ಪ್ರತಿ ಗಿಡವನ್ನೂ ಮೂಸುತ್ತಾ ನಮ್ಮನ್ನು ನಿಲ್ಲಿಸುತ್ತಿದ್ದಳು. ಅಷ್ಟರಲ್ಲಿ ನನ್ನ ಫೋನ್ ನಡುಗಿತು. ಮಗಳ ಮೆಸೇಜು: ತಲುಪಿದೆ, ಗ್ರಾಂಡ್ ಆಗಿದೆ. ಇಲ್ಲಿನವರ ಬಾಯಲ್ಲಿ ಗ್ರಾಂಡ್ ಎಂದರೆ ಎಲ್ಲ ಸರಿಯಾಗಿದೆ ಎಂದಷ್ಟೇ.

"ಏನಂತೆ?" ಎಂದು ಗಂಡ ನನ್ನ ಮುಂದೆ ಬಂದು ಕೇಳಿದರು.

"ಗ್ರಾಂಡ್ ಅಂತೆ."

"ಅಷ್ಟೇನಾ?"

ಊಟ ಮಾಡಿದೆಯಾ, ರೂಮಿನಲ್ಲಿ ಯಾರಿದ್ದಾರೆ, ಚಳಿ ಇದೆಯಾ ಎಂದು ನಾನು ಒಂದರ ಹಿಂದೊಂದು ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಫೋನ್ ತೆಗೆದಿಟ್ಟುಕೊಂಡಿರಬೇಕು ಎಂದರು ಗಂಡ. ಇರಬೇಕು ಎಂದೆ. ನಾಯಿ ಇನ್ನೊಂದು ಗಿಡದ ಬಳಿ ನಿಂತಳು. ನಾನು ಫೋನನ್ನು ಜೇಬಿಗೆ ಹಾಕಿ, ಮತ್ತೆ ತೆಗೆದು ಕೈಯಲ್ಲೇ ಹಿಡಿದುಕೊಂಡೆ.